ತೋಟದ ಬಳ್ಳಿಗೆ ವಿಲ್ಲೋ ಗೋಪುರ: ಕಡ್ಡಿ ಆರಿಸುವುದರಿಂದ ಹೆಣೆದು ಮುಗಿಸುವವರೆಗೆ

ಕ್ರಿಕೆಟ್ ಬ್ಯಾಟಿನ ಕಾರಣದಿಂದ ವಿಲ್ಲೋ ಎಂಬ ಹೆಸರು ಕನ್ನಡಿಗರಿಗೆ ಹೊಸದಲ್ಲ. ಆದರೆ ಬ್ಯಾಟು ಸಿದ್ಧವಾಗುವುದು ಎತ್ತರಕ್ಕೆ ಬೆಳೆದ ಮರದ ದಿಮ್ಮಿಯಿಂದ. ಬುಟ್ಟಿ, ಬೇಲಿ, ಬಳ್ಳಿ ಹಬ್ಬಿಸುವ ಗೋಪುರ ಮುಂತಾದವುಗಳಿಗೆ ಬೇಕಾಗುವುದು ಅದೇ ಕುಲದ ಪೊದೆಜಾತಿಗಳ ಕಡ್ಡಿ. ಈ ಗಿಡಗಳನ್ನು ಪ್ರತಿ ಚಳಿಗಾಲದಲ್ಲೂ ನೆಲಮಟ್ಟಕ್ಕೆ ಸವರುತ್ತಾರೆ. ವಸಂತದಲ್ಲಿ ಆ ಮೋಟುಬುಡದಿಂದ ಒಡೆಯುವ ಚಿಗುರು ಹೆಚ್ಚು ಕವಲೊಡೆಯದೆ ನೇರವಾಗಿ ಮೇಲೇರಿ, ಎಲೆ ಉದುರುವ ಹೊತ್ತಿಗೆ ಆರೇಳು ಅಡಿ ಉದ್ದದ, ಬಳುಕುವ ಕಡ್ಡಿಯಾಗಿ ನಿಂತಿರುತ್ತದೆ. ಇಂಗ್ಲೆಂಡಿನ ನೈಋತ್ಯದಲ್ಲಿರುವ ಸಾಮರ್‌ಸೆಟ್ ಲೆವೆಲ್ಸ್ ಎಂಬ ಜೌಗು ಬಯಲು ಈ ಬೆಳೆಗೆ ಹೆಸರಾಗಿದ್ದು, ಅಲ್ಲಿನ ಸ್ಟೋಕ್ ಸೇಂಟ್ ಗ್ರೆಗರಿಯಲ್ಲಿ ಕೋಟ್ ಮನೆತನದವರು 1819ರಿಂದ ವಿಲ್ಲೋ ಬೆಳೆಯುತ್ತ ಬಂದಿದ್ದಾರೆ. ಎರಡನೆಯ ಮಹಾಯುದ್ಧದಲ್ಲಿ ವಿಮಾನದಿಂದ ಪ್ಯಾರಾಚೂಟ್ ಕಟ್ಟಿ ಸಾಮಾನು ಇಳಿಸಲು ಬಳಸಿದ ದೊಡ್ಡ ಬುಟ್ಟಿಗಳನ್ನು ಕೂಡ ವಿಲ್ಲೋದಿಂದ ಹೆಣೆಯುತ್ತಿದ್ದರು. ನೆಲಕ್ಕೆ ಬಿದ್ದಾಗ ಒಡೆಯದೆ ಬಳುಕಿ ಪೆಟ್ಟನ್ನು ತಾಳಿಕೊಳ್ಳುವ ಗುಣ ಇದಕ್ಕಿದೆ. ಯುದ್ಧದ ನಂತರ ಪ್ಲಾಸ್ಟಿಕ್ ಬಂದು ಬುಟ್ಟಿಯ ಬೇಡಿಕೆ ಕುಗ್ಗಿತು. ಇಂದು ಈ ಕಸುಬಿನತ್ತ ಹೊಸಬರನ್ನು ಸೆಳೆಯುತ್ತಿರುವುದು ಬಹುಮಟ್ಟಿಗೆ ತೋಟದ ಕೆಲಸ.

ಬ್ರಿಟನ್ನಿನಲ್ಲಿ ನೆಲೆಸಿ, ಮನೆಯ ಹಿತ್ತಲಲ್ಲೋ ಅಲಾಟ್‌ಮೆಂಟಿನಲ್ಲೋ (ತರಕಾರಿ ಬೆಳೆಯಲು ಬಾಡಿಗೆಗೆ ಸಿಗುವ ತುಂಡು ಜಮೀನು) ಬೀನ್ಸು, ಬಟಾಣಿ ಬೆಳೆಯುವ ಕನ್ನಡಿಗರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಬರಹವನ್ನು ಬರೆದಿದ್ದೇನೆ. ಮೊದಲ ಕೆಲಸವಾಗಿ ಬುಟ್ಟಿಯನ್ನಲ್ಲ, ಬಳ್ಳಿ ಹಬ್ಬಿಸುವ ಗೋಪುರವನ್ನೇ ಆರಿಸಿಕೊಳ್ಳಬೇಕೆಂಬುದು ನನ್ನ ಸಲಹೆ. ಬುಟ್ಟಿಯ ತಳ ಕಟ್ಟುವುದು ಹೊಸಬರಿಗೆ ಕಷ್ಟದ ಕೆಲಸ. ಗೋಪುರಕ್ಕೆ ತಳವೇ ಇಲ್ಲ, ನೆಲವೇ ಅದರ ತಳ. ಇನ್ನೊಂದು ಮಾತನ್ನು ಆರಂಭದಲ್ಲೇ ಹೇಳಬೇಕು. ಕಲಿಯಲು ಬರುವವರೆಲ್ಲರ ಗಮನ ಹೆಣಿಗೆಯ ಮೇಲಿರುತ್ತದೆ, ಆದರೆ ಹೆಣಿಗೆ ಒಂದು ಮಧ್ಯಾಹ್ನದಲ್ಲಿ ಕೈಗೆ ಹತ್ತುತ್ತದೆ. ತಾಳ್ಮೆ ಬೇಕಾಗುವುದು ಕಡ್ಡಿಯ ಹದ ತಿಳಿಯುವುದಕ್ಕೆ. ಹದ ತಪ್ಪಿದ ಕಡ್ಡಿಯನ್ನು ಎಷ್ಟೇ ಪಳಗಿದ ಕೈಯೂ ಬಗ್ಗಿಸಲಾರದು. ಆದ್ದರಿಂದ ಇಲ್ಲಿಯೂ ಹದದ ಮಾತಿಗೇ ಹೆಚ್ಚು ಜಾಗ ಕೊಟ್ಟಿದ್ದೇನೆ.

ಯಾವ ಕಡ್ಡಿ

ಹೆಣಿಗೆಗೆ ಬಳಸುವ ಜಾತಿಗಳಲ್ಲಿ ಮೂರನ್ನು ತಿಳಿದಿದ್ದರೆ ಸದ್ಯಕ್ಕೆ ಸಾಕು. ಸ್ಯಾಲಿಕ್ಸ್ ಟ್ರಯಾಂಡ್ರಾ ಎಂಬ ಜಾತಿಯ ಬ್ಲ್ಯಾಕ್ ಮೌಲ್ ತಳಿ ಸಾಮರ್‌ಸೆಟ್ಟಿನ ಮುಖ್ಯ ಬೆಳೆ. ಕಡ್ಡಿ ಗಟ್ಟಿಯಾಗಿಯೂ ನಯವಾಗಿಯೂ ಇರುವುದರಿಂದ ಯಾವ ಕೆಲಸಕ್ಕೂ ಒದಗುತ್ತದೆ. ಸ್ಯಾಲಿಕ್ಸ್ ವಿಮಿನಾಲಿಸ್ ಅತಿ ವೇಗವಾಗಿ ಬೆಳೆಯುತ್ತದೆ, ಕಡ್ಡಿ ದಪ್ಪ. ಬೇಲಿಗೂ ನೆಟ್ಟು ಬೆಳೆಸುವ ರಚನೆಗಳಿಗೂ ಅದು ಹೇಳಿ ಮಾಡಿಸಿದಂಥದು. ಸ್ಯಾಲಿಕ್ಸ್ ಪರ್ಪ್ಯೂರಿಯದ ಕಡ್ಡಿ ಸಪೂರ, ತೊಗಟೆ ಬಲು ಕಹಿ. ಆ ಕಹಿಗೆ ಹೆದರಿ ಮೊಲಗಳು ಅದನ್ನು ಅಷ್ಟಾಗಿ ಕಡಿಯುವುದಿಲ್ಲವಾದ್ದರಿಂದ, ಮೊಲದ ಕಾಟವಿರುವ ಕಡೆ ಬೆಳೆಯಲು ಅದೇ ಒಳ್ಳೆಯದು.

ಮಾರಾಟಕ್ಕೆ ಬರುವ ಕಡ್ಡಿಯನ್ನು ಜಾತಿಗಿಂತ ಹೆಚ್ಚಾಗಿ ಸಂಸ್ಕರಣೆಯ ಬಗೆಯಿಂದ ಗುರುತಿಸುತ್ತಾರೆ. ಕಡಿದ ಕೂಡಲೇ ಬರುವುದು ಹಸಿಕಡ್ಡಿ. ತೊಗಟೆಸಮೇತ ಒಣಗಿಸಿದ್ದನ್ನು ಬ್ರೌನ್ ಎನ್ನುತ್ತಾರೆ. ಗಂಟೆಗಟ್ಟಲೆ ಕುದಿಸಿ ಆಮೇಲೆ ಸಿಪ್ಪೆ ಸುಲಿದದ್ದು ಬಫ್. ತೊಗಟೆಯ ಒಗರು ಬಣ್ಣವಾಗಿ ಮರಕ್ಕೆ ಇಳಿದು ಅದು ಜೇನುಬಣ್ಣಕ್ಕೆ ತಿರುಗಿರುತ್ತದೆ. ಚಳಿಗಾಲದಲ್ಲಿ ಕಡಿದ ಕಡ್ಡಿಗಳ ಬುಡವನ್ನು ವಸಂತದವರೆಗೆ ನೀರಿನಲ್ಲಿ ನಿಲ್ಲಿಸಿ, ರಸ ಏರಿ ಚಿಗುರೊಡೆಯುವ ಹೊತ್ತಿಗೆ ಸುಲಿದದ್ದು ಬಿಳಿಯ ವಿಲ್ಲೋ. ಬಫ್ ಮತ್ತು ಬಿಳಿಯ ಕಡ್ಡಿಗಳು ಮನೆಯೊಳಗಿನ ಬುಟ್ಟಿಗೆ ಚೆನ್ನ. ಮಳೆ ಬಿಸಿಲಿಗೆ ನಿಲ್ಲಬೇಕಾದ ತೋಟದ ಕೆಲಸಕ್ಕೆ ತೊಗಟೆಯಿರುವ ಬ್ರೌನ್ ಕಡ್ಡಿಯನ್ನೇ ಕೊಳ್ಳಬೇಕು.

ಹಸಿಕಡ್ಡಿಯ ಬಗ್ಗೆ ಎರಡು ಎಚ್ಚರಿಕೆಗಳಿವೆ. ಮೊದಲನೆಯದಾಗಿ, ಒಣಗುವಾಗ ಅದು ಸಣ್ಣಗಾಗುತ್ತದೆ. ಬಿಗಿಯಾಗಿ ಹೆಣೆದ ಪಟ್ಟಿ ಕೆಲವೇ ವಾರಗಳಲ್ಲಿ ಸಡಿಲವಾಗಿ ಜಾರತೊಡಗುತ್ತದೆ. ಎರಡನೆಯದಾಗಿ, ನೆಲಕ್ಕೆ ಊರಿದ ಹಸಿಕಡ್ಡಿ ಬೇರು ಬಿಡುತ್ತದೆ. ಬೀನ್ಸಿಗೆಂದು ಕಟ್ಟಿದ ಗೋಪುರವೇ ಚಿಗುರಿ, ಬಳ್ಳಿಯ ಪಾಲಿನ ನೀರನ್ನೂ ಬೆಳಕನ್ನೂ ತಾನೇ ಕುಡಿಯುತ್ತದೆ. ಕಡಿದ ಕಡ್ಡಿಯನ್ನು ನೆರಳಿನಲ್ಲಿ, ಗಾಳಿಯಾಡುವ ಕಡೆ ಮೂರು ನಾಲ್ಕು ವಾರ ಬಿಟ್ಟು ಅರೆಹಸಿ ಸ್ಥಿತಿಯಲ್ಲಿ ಬಳಸಿದರೆ ಮೊದಲ ತೊಂದರೆ ಬಹಳಷ್ಟು ತಗ್ಗುತ್ತದೆ, ನೆನೆಸುವ ಕೆಲಸವೂ ತಪ್ಪುತ್ತದೆ. ಆದರೂ ನೆಲಕ್ಕೆ ಊರುವ ಕಡ್ಡಿಗಳು ಮಾತ್ರ ಪೂರ್ತಿ ಒಣಗಿದವೇ ಆಗಿರಲಿ. ಒಣಗಿ ಸತ್ತ ಕಡ್ಡಿ ಎಷ್ಟು ನೆನೆದರೂ ಮತ್ತೆ ಚಿಗುರುವುದಿಲ್ಲ.

ಕಡ್ಡಿಯನ್ನು ಅಡಿಯ ಲೆಕ್ಕದಲ್ಲಿ ವಿಂಗಡಿಸಿ ಕಟ್ಟುಕಟ್ಟಾಗಿ ಮಾರುತ್ತಾರೆ. ಹಳೆಯ ಲೆಕ್ಕದ ಪೂರ್ಣ ಕಟ್ಟಿಗೆ ಬೋಲ್ಟ್ ಎಂದು ಹೆಸರು. ಬುಡದ ಬಳಿ ಅದರ ಸುತ್ತಳತೆ 3 ಅಡಿ 1 ಇಂಚು. ಒಂದು ಗೋಪುರಕ್ಕೆ ಅಷ್ಟು ಬೇಕಾಗುವುದಿಲ್ಲ, ಆದ್ದರಿಂದ ಸಣ್ಣ ಕಟ್ಟನ್ನು ಕೇಳಿ ಪಡೆಯಬೇಕು. 7 ಅಡಿಯ, ಬುಡದಲ್ಲಿ ಹೆಬ್ಬೆರಳ ದಪ್ಪವಿರುವ ಹನ್ನೆರಡು ಕಡ್ಡಿಗಳು, 5ರಿಂದ 6 ಅಡಿಯ, ಪೆನ್ಸಿಲ್ಲಿಗಿಂತ ತುಸು ಸಪೂರವಾದ ಮೂವತ್ತು ನಲವತ್ತು ಕಡ್ಡಿಗಳು ಸಾಕು. ಕೊಳ್ಳುವಾಗ ಕಟ್ಟಿನ ತುದಿಭಾಗವನ್ನು ಕೈಯಲ್ಲಿ ಹಿಡಿದು ನೋಡಿ. ತುದಿಗಳು ಮುರಿದು ಉದುರುತ್ತಿದ್ದರೆ, ಕಡ್ಡಿಯ ನಡುವೆ ಕವಲುಗಳು ಹೆಚ್ಚಿದ್ದರೆ, ತೊಗಟೆಯ ಮೇಲೆ ಬೂಷ್ಟು ಹಿಡಿದಿದ್ದರೆ ಅಂಥ ಕಟ್ಟನ್ನು ಬಿಡುವುದೇ ಒಳ್ಳೆಯದು.

ನೆನೆಸಿ ಹದಕ್ಕೆ ತರುವುದು

ಬ್ರೌನ್ ಕಡ್ಡಿಗೆ ಬಹುಕಾಲದಿಂದ ಬಳಕೆಯಲ್ಲಿರುವ ಲೆಕ್ಕವೆಂದರೆ ಅಡಿಗೊಂದು ದಿನ. 5 ಅಡಿಯ ಕಡ್ಡಿ ಐದು ದಿನ, 7 ಅಡಿಯದು ಏಳು ದಿನ ತಣ್ಣೀರಿನಲ್ಲಿ ಪೂರ್ತಿ ಮುಳುಗಿರಬೇಕು. ತೊಗಟೆ ನೀರನ್ನು ಸುಲಭವಾಗಿ ಒಳಗೆ ಬಿಡುವುದಿಲ್ಲವಾದ್ದರಿಂದ ಇಷ್ಟು ಸಮಯ ಹಿಡಿಯುತ್ತದೆ; ಸಿಪ್ಪೆ ಸುಲಿದ ಬಫ್ ಕಡ್ಡಿಗೆ ಒಂದೆರಡು ಗಂಟೆಯೇ ಸಾಕಾಗುವುದು ಇದೇ ಕಾರಣಕ್ಕೆ. ಈ ಲೆಕ್ಕ ಅಂದಾಜಿನದು. ಫೆಬ್ರವರಿಯ ಕೊರೆಯುವ ನೀರಿನಲ್ಲಿ ಒಂದೆರಡು ದಿನ ಹೆಚ್ಚು ಹಿಡಿಯಬಹುದು, ಬೇಸಗೆಯಲ್ಲಿ ಒಂದೆರಡು ದಿನ ಮೊದಲೇ ಹದ ಬರಬಹುದು, ಕಡ್ಡಿ ದಪ್ಪವಿದ್ದಷ್ಟೂ ತಡ. ಆದ್ದರಿಂದ ಉದ್ದದ ಕಡ್ಡಿಗಳನ್ನು ಎರಡು ದಿನ ಮೊದಲೇ ನೀರಿಗೆ ಹಾಕಿ, ಸಣ್ಣವನ್ನು ಆಮೇಲೆ ಸೇರಿಸಿದರೆ ಎಲ್ಲವೂ ಒಂದೇ ದಿನ ಸಿದ್ಧವಾಗುತ್ತವೆ.

ವಿಲ್ಲೋ ನೀರಿನಲ್ಲಿ ತೇಲುವುದರಿಂದ ಮೇಲೆ ಕಲ್ಲೋ ಹಲಗೆಯೋ ಭಾರ ಹೇರಬೇಕು. ದನಗಳಿಗೆ ನೀರಿಡುವಂಥ ಉದ್ದನೆಯ ತೊಟ್ಟಿ ಸಿಕ್ಕಿದರೆ ಅನುಕೂಲ. ಇಲ್ಲದಿದ್ದರೆ ಅಗಲವಾದ ಪ್ಲಾಸ್ಟಿಕ್ ಕೊಳವೆಯ ಒಂದು ತುದಿಯನ್ನು ಮುಚ್ಚಿ, ಗೋಡೆಗೆ ಓರೆಯಾಗಿ ನಿಲ್ಲಿಸಿ ಭದ್ರವಾಗಿ ಕಟ್ಟಿ, ಕಡ್ಡಿ ತುಂಬಿ ನೀರು ಹೊಯ್ದರೂ ಆಗುತ್ತದೆ. ಸ್ನಾನದ ತೊಟ್ಟಿಯನ್ನು ಬಳಸುವವರೂ ಇದ್ದಾರೆ, ಆದರೆ ತೊಗಟೆಯ ಒಗರಿನಿಂದ ನೀರು ಕಡುಕಂದು ಬಣ್ಣಕ್ಕೆ ತಿರುಗಿ ತೊಟ್ಟಿಗೂ ಬಟ್ಟೆಗೂ ಕಲೆ ಹಿಡಿಸುತ್ತದೆಂಬುದು ನೆನಪಿರಲಿ.

ನೀರಿನಿಂದ ತೆಗೆದ ಕೂಡಲೇ ಹೆಣೆಯಲು ಕೂರಬಾರದು. ಕಡ್ಡಿಗಳನ್ನು ನೀರು ಸೋರುವಂತೆ ಕೆಲಹೊತ್ತು ನಿಲ್ಲಿಸಿ, ಒದ್ದೆ ಗೋಣಿತಾಟಿನಲ್ಲೋ ಹಳೆಯ ಕಂಬಳಿಯಲ್ಲೋ ಸುತ್ತಿ, ಗಾಳಿ ಬಿಸಿಲು ತಾಗದ ಕಡೆ ಒಂದು ರಾತ್ರಿ ಇಡಬೇಕು. ಮೇಲ್ಮೈಯಲ್ಲಿರುವ ನೀರು ಆಗ ನಿಧಾನವಾಗಿ ಒಳಗಿನ ಮರಕ್ಕೆ ಇಳಿದು ಕಡ್ಡಿಯುದ್ದಕ್ಕೂ ಸಮನಾಗಿ ಹರಡುತ್ತದೆ. ಈ ಒಂದು ರಾತ್ರಿಯನ್ನು ಬಿಟ್ಟುಬಿಡುವವರೇ ಹೆಚ್ಚು, ಮತ್ತು ಮರುದಿನ ಅವರ ಕೈಯಲ್ಲೇ ಕಡ್ಡಿಗಳು ಮುರಿಯುತ್ತವೆ. ಹೊರಗೆ ಒದ್ದೆಯಾಗಿ, ಒಳಗೆ ಇನ್ನೂ ಬಿರುಸಾಗಿರುವ ಕಡ್ಡಿ ಮೊದಲ ತಿರುವಿನಲ್ಲೇ ಚಟ್ಟೆಂದು ಸೀಳುತ್ತದೆ.

ಹದ ಬಂದಿದೆಯೇ ಎಂದು ನೋಡುವ ಬಗೆ ಹೀಗೆ. ಒಂದು ಕಡ್ಡಿಯನ್ನು ತೆಗೆದುಕೊಂಡು, ಬುಡದಿಂದ ಒಂದು ಗೇಣು ಮೇಲೆ ಎರಡೂ ಕೈಗಳಿಂದ ಹಿಡಿದು, ಹೆಬ್ಬೆರಳುಗಳನ್ನು ಒತ್ತಿಕೊಟ್ಟು ನಿಧಾನವಾಗಿ ಬಗ್ಗಿಸಿ. ಬಾಗುವ ಭಾಗದ ಹೊರಮೈಯನ್ನು ಹತ್ತಿರದಿಂದ ನೋಡಿ. ತೊಗಟೆ ನುಣುಪಾಗಿಯೇ ಉಳಿದು, ಕಡ್ಡಿ ಕಮಾನಿನಂತೆ ದುಂಡಗೆ ಬಾಗಿದರೆ ಹದವಾಗಿದೆ. ತೊಗಟೆಯ ಮೇಲೆ ಕೂದಲೆಳೆಯಂಥ ಅಡ್ಡಬಿರುಕುಗಳು ಕಂಡರೆ, ಅಥವಾ ಬಾಗು ದುಂಡಗಾಗದೆ ಒಂದೇ ಕಡೆ ಮೂಲೆಯಂತೆ ಮಡಿದರೆ, ಇನ್ನೂ ಒಂದು ದಿನ ನೀರಿನಲ್ಲಿರಬೇಕು. ಇದಕ್ಕೆ ವಿರುದ್ಧವಾಗಿ, ಉಗುರು ತಾಕಿದರೆ ಸಾಕು ತೊಗಟೆ ಲೋಳೆಯಾಗಿ ಜಾರಿ ಬರುವಂತಿದ್ದರೆ ನೆನೆದದ್ದು ಹೆಚ್ಚಾಯಿತು. ಅಂಥ ಕಡ್ಡಿಯ ಅಂದವೂ ಕೆಡುತ್ತದೆ, ಬಾಳಿಕೆಯೂ ಕುಂದುತ್ತದೆ. ಹದಕ್ಕೆ ಬಂದ ಕಡ್ಡಿಯನ್ನು ಎರಡು ಮೂರು ದಿನಗಳಲ್ಲಿ ಬಳಸಿಬಿಡಬೇಕು, ಇಲ್ಲವಾದರೆ ಬಟ್ಟೆಯೊಳಗೇ ಬೂಷ್ಟು ಹಿಡಿಯುತ್ತದೆ. ಉಳಿದದ್ದನ್ನು ಒಣಗಿಸಿ ಇನ್ನೊಮ್ಮೆ ನೆನೆಸಬಹುದಾದರೂ ಪ್ರತಿಸಲವೂ ಅದರ ಕಸುವು ಇಳಿಯುತ್ತ ಹೋಗುತ್ತದೆ. ಬೇಕಾದಷ್ಟನ್ನೇ ಎಣಿಸಿ ನೆನೆಹಾಕುವುದು ಜಾಣತನ.

ಗೋಪುರ ಹೆಣೆಯುವುದು

ಸಾಮಾನು ಹೆಚ್ಚೇನೂ ಬೇಡ. ಗಿಡ ಸವರುವ ಹರಿತವಾದ ಕತ್ತರಿ, ಒಂದು ಚೂರಿ, ಕಡ್ಡಿಗಳ ನಡುವೆ ದಾರಿ ಬಿಡಿಸಲು ದಪ್ಪನೆಯ ದಬ್ಬಳ, ನೆಲದಲ್ಲಿ ತೂತು ಮಾಡಲು ಕಬ್ಬಿಣದ ಸಲಾಕೆ, ಸೆಣಬಿನ ಹುರಿ, ಅಳತೆಪಟ್ಟಿ ಇಷ್ಟಿದ್ದರೆ ಸಾಕು. ಕಸುಬುದಾರರು ಹೆಣಿಗೆಯನ್ನು ಕೆಳಕ್ಕೆ ಬಡಿದು ಕೂರಿಸಲು ಕಬ್ಬಿಣದ ಪಟ್ಟಿಯೊಂದನ್ನು ಇಟ್ಟುಕೊಂಡಿರುತ್ತಾರೆ; ನಮಗೆ ಒಂದು ಗಟ್ಟಿಮರದ ತುಂಡು ಆ ಕೆಲಸ ಮಾಡುತ್ತದೆ. ಕನ್ನಡಕವನ್ನೋ ಕಣ್ಣಿನ ರಕ್ಷಣೆಯ ಕನ್ನಡಕವನ್ನೋ ತಪ್ಪದೆ ಹಾಕಿಕೊಳ್ಳಬೇಕು. ಆರಡಿ ಉದ್ದದ ಕಡ್ಡಿಯನ್ನು ಸುತ್ತಿಸುವಾಗ ಅದರ ತುದಿ ಎಲ್ಲಿ ಬೀಸುತ್ತದೆಂಬುದು ಹೆಣೆಯುವವರ ಗಮನಕ್ಕೆ ಬರುವುದಿಲ್ಲ. ಮಕ್ಕಳು ಹತ್ತಿರ ಕುಳಿತಿದ್ದರಂತೂ ಈ ಎಚ್ಚರ ಇಮ್ಮಡಿಯಾಗಿರಬೇಕು.

ಗೋಪುರವನ್ನು ಅದು ನಿಲ್ಲಬೇಕಾದ ಪಾತಿಯಲ್ಲೇ ಕಟ್ಟಬಹುದು. ಗೂಟಕ್ಕೆ ಹುರಿ ಕಟ್ಟಿ 40 ಸೆಂಟಿಮೀಟರ್ ವ್ಯಾಸದ ವೃತ್ತ ಎಳೆದು, ಅದರ ಮೇಲೆ ಸಮಾನ ಅಂತರದಲ್ಲಿ ಹತ್ತು ಗುರುತು ಹಾಕಿ; ಗುರುತುಗಳ ನಡುವೆ ಹನ್ನೆರಡೂವರೆ ಸೆಂಟಿಮೀಟರ್ ಜಾಗ ಬರುತ್ತದೆ. ಪ್ರತಿ ಗುರುತಿನಲ್ಲೂ ಸಲಾಕೆಯಿಂದ 20 ಸೆಂಟಿಮೀಟರ್ ಆಳದ ತೂತು ಮಾಡಿ, 7 ಅಡಿಯ ಕಡ್ಡಿಗಳನ್ನು ಬುಡ ಕೆಳಗಾಗಿ ಊರಿ. ಇವನ್ನು ನಿಲುಗಡ್ಡಿಗಳೆಂದು ಕರೆಯೋಣ. ಪ್ರತಿ ವಿಲ್ಲೋ ಕಡ್ಡಿಗೂ ಹುಟ್ಟಿನಿಂದಲೇ ಒಂದು ಬಾಗು ಇರುತ್ತದೆ. ಅಂಗೈ ಮೇಲೆ ಅಡ್ಡಲಾಗಿ ಇಟ್ಟರೆ ಕಡ್ಡಿ ತಾನೇ ಉರುಳಿ ಆ ಬಾಗನ್ನು ತೋರಿಸುತ್ತದೆ. ಬಾಗಿನ ಒಳಮುಖ ವೃತ್ತದ ನಡುವಿನ ಕಡೆಗೆ ಇರುವಂತೆ ಎಲ್ಲವನ್ನೂ ಊರಿದರೆ ತುದಿಗಳು ಬಲವಂತವಿಲ್ಲದೆ ಒಂದೆಡೆ ಸೇರುತ್ತವೆ. ತುದಿಗಳನ್ನು ಒಟ್ಟುಗೂಡಿಸಿ, ನೆಲದಿಂದ ಸುಮಾರು 160 ಸೆಂಟಿಮೀಟರ್ ಎತ್ತರದಲ್ಲಿ ಹುರಿಯಿಂದ ತಾತ್ಕಾಲಿಕವಾಗಿ ಕಟ್ಟಿ. ಈಗ ನಾಲ್ಕು ಹೆಜ್ಜೆ ದೂರ ಸರಿದು ಸುತ್ತಲಿಂದಲೂ ನೋಡಿ. ಓರೆಯಿದ್ದರೆ ಸರಿಪಡಿಸುವ ಸಮಯ ಇದೇ. ಹೆಣಿಗೆ ಬಿದ್ದ ಮೇಲೆ ತಿದ್ದಲಾಗದು.

ಗೋಪುರಕ್ಕೆ ಬಲ ಕೊಡುವುದು ಮೂರು ಕಡ್ಡಿಯ ಹೆಣಿಗೆ. ಮೊದಲ ಪಟ್ಟಿಯನ್ನು ನೆಲದಿಂದ 15 ಸೆಂಟಿಮೀಟರ್ ಎತ್ತರದಲ್ಲಿ ಆರಂಭಿಸಿ. ಸಪೂರ ಕಡ್ಡಿಗಳಲ್ಲಿ ಒಂದೇ ಗಾತ್ರದ ಮೂರನ್ನು ಆರಿಸಿ, ಅವುಗಳ ತುದಿಗಳನ್ನು ಒಂದರ ಪಕ್ಕ ಒಂದರಂತೆ ಇರುವ ಮೂರು ಸಂದುಗಳಲ್ಲಿ ಒಳಕ್ಕೆ ಸಿಕ್ಕಿಸಿ, ಉದ್ದನೆಯ ಭಾಗ ಹೊರಗೆ ನಿಮ್ಮ ಬಲಗಡೆಗೆ ಚಾಚಿರಲಿ. ಮೂರರಲ್ಲಿ ಎಡತುದಿಯ ಕಡ್ಡಿಯನ್ನು ಎತ್ತಿಕೊಂಡು, ಉಳಿದೆರಡರ ಮೇಲಿಂದ ಬಲಕ್ಕೆ ಒಯ್ದು, ಎರಡು ನಿಲುಗಡ್ಡಿಗಳ ಮುಂದಿನಿಂದ ದಾಟಿಸಿ, ಮೂರನೆಯದರ ಹಿಂದಿನಿಂದ ಸುತ್ತಿಸಿ, ಮುಂದಿನ ಸಂದಿನಲ್ಲಿ ಹೊರಕ್ಕೆ ತನ್ನಿ. ಈಗ ಎಡತುದಿಗೆ ಬೇರೆ ಕಡ್ಡಿ ಬಂದಿರುತ್ತದೆ; ಅದನ್ನೂ ಹಾಗೆಯೇ ಮಾಡಿ. ಪ್ರತಿಸಲವೂ ಎಡತುದಿಯದು, ಎರಡರ ಮುಂದೆ, ಒಂದರ ಹಿಂದೆ. ನಾಲ್ಕಾರು ಸಲ ಮಾಡುವಷ್ಟರಲ್ಲಿ ಎಣಿಸುವ ಅಗತ್ಯವೇ ಉಳಿಯುವುದಿಲ್ಲ.

ಇಲ್ಲಿ ಎಡಗೈ ಮಾಡುವ ಕೆಲಸವೇ ಮುಖ್ಯ. ಬಲಗೈ ಕಡ್ಡಿಯನ್ನು ಒಯ್ಯುತ್ತದೆ; ಎಡಗೈಯ ಹೆಬ್ಬೆರಳು ಮತ್ತು ತೋರುಬೆರಳು ನಿಲುಗಡ್ಡಿಯನ್ನು ಅದರ ಜಾಗದಿಂದ ಕದಲದಂತೆ ಹಿಡಿದು, ಹೆಣಿಗೆಕಡ್ಡಿ ಅದರ ಹಿಂದೆ ತಿರುಗುವ ಜಾಗದಲ್ಲೇ ಒತ್ತಿಕೊಡುತ್ತವೆ. ಬಾಗು ಆ ಬೆರಳಿನ ಒತ್ತಿನ ಮೇಲೆಯೇ ಬೀಳಬೇಕು. ಹೊಸಬರು ಕಡ್ಡಿಯ ದೂರದ ತುದಿಯನ್ನು ಹಿಡಿದು ಎಳೆಯುತ್ತಾರೆ. ಆಗ ಬಾಗಬೇಕಾದ್ದು ಕಡ್ಡಿಯಾಗಿದ್ದರೂ ಒಳಕ್ಕೆ ಬರುವುದು ನಿಲುಗಡ್ಡಿ, ಗೋಪುರದ ಸೊಂಟ ಸುತ್ತು ಸುತ್ತಿಗೂ ಸಣ್ಣಗಾಗುತ್ತದೆ. ಒಂದು ಸುತ್ತು ಮುಗಿದಾಗಲೆಲ್ಲ ನಿಲುಗಡ್ಡಿಗಳ ನಡುವಿನ ಅಂತರವನ್ನು ನೋಡಿ, ಹೆಣಿಗೆಯನ್ನು ಮರದ ತುಂಡಿನಿಂದ ಮೆಲ್ಲಗೆ ಕೆಳಕ್ಕೆ ಬಡಿದು ಕೂರಿಸಿ.

ತುದಿಯಿಂದ ಆರಂಭಿಸಿದ ಕಡ್ಡಿ ಬುಡಕ್ಕೆ ಬಂದು ಮುಗಿದಾಗ, ಹೊಸ ಕಡ್ಡಿಯ ಬುಡವನ್ನು ಅದರ ಪಕ್ಕದಲ್ಲೇ ಒಳಕ್ಕೆ ಸಿಕ್ಕಿಸಿ ಮುಂದುವರಿಸಬೇಕು. ಬುಡಕ್ಕೆ ಬುಡ, ತುದಿಗೆ ತುದಿ ಎಂಬ ಕ್ರಮವನ್ನು ಮೀರಬಾರದು. ದಪ್ಪ ಬುಡದ ಪಕ್ಕದಲ್ಲಿ ಸಪೂರ ತುದಿ ಸೇರಿಸಿದರೆ ಆ ಜಾಗದಲ್ಲಿ ಪಟ್ಟಿ ತಗ್ಗಿ, ಅಲ್ಲಿಂದಲೇ ಬಿಚ್ಚತೊಡಗುತ್ತದೆ. ಮೂರೂ ಕಡ್ಡಿಗಳನ್ನು ಒಂದರ ನಂತರ ಒಂದರಂತೆ ಅಕ್ಕಪಕ್ಕದ ಸಂದುಗಳಲ್ಲೇ ಬದಲಿಸಿ. ಎರಡನೆಯ ಮೂರು ಕಡ್ಡಿಗಳು ತುದಿಗೆ ಬರುವಷ್ಟರಲ್ಲಿ ಸುಮಾರು ಎರಡು ಸುತ್ತು ಆಗಿರುತ್ತದೆ. ಆ ತುದಿಗಳನ್ನು ದಬ್ಬಳದಿಂದ ದಾರಿ ಮಾಡಿ ಕೆಳಗಿನ ಸಾಲಿನೊಳಗೆ ಸಿಕ್ಕಿಸಿದರೆ ಪಟ್ಟಿ ಮುಗಿಯಿತು.

ಎರಡನೆಯ ಪಟ್ಟಿ 60 ಸೆಂಟಿಮೀಟರ್ ಎತ್ತರದಲ್ಲಿ, ಮೂರನೆಯದು 110ರ ಬಳಿ ಇರಲಿ. ಮೇಲೆ ಹೋದಂತೆ ಸಂದುಗಳು ಕಿರಿದಾಗುವುದರಿಂದ ಇನ್ನಷ್ಟು ಸಪೂರ ಕಡ್ಡಿ ಬೇಕು. ಮೂರನೆಯ ಪಟ್ಟಿಗೆ ಎರಡೇ ಕಡ್ಡಿಗಳನ್ನು ಹೆಣೆದುಕೊಳ್ಳುವ ಸುಲಭ ಬಗೆಯೂ ಸಾಕು. ಅದರಲ್ಲಿ ಎಡಗಡೆಯ ಕಡ್ಡಿ ಒಂದರ ಮುಂದೆ, ಒಂದರ ಹಿಂದೆ ಹೋಗಿ ಹೊರಬರುತ್ತದೆ, ಅಷ್ಟೇ. ಪಟ್ಟಿಗಳ ನಡುವಿನ ಜಾಗವನ್ನು ಖಾಲಿ ಬಿಡಬೇಕು. ಎಲ್ಲವನ್ನೂ ಹೆಣೆದು ಮುಚ್ಚಿದ ಗೋಪುರಗಳನ್ನು ಹಲವರು ಮೆಚ್ಚುತ್ತಾರೆ. ಬಳ್ಳಿಗೆ ಅದರಿಂದ ಉಪಯೋಗವಿಲ್ಲ, ಗಾಳಿಗೆ ಅದು ಹಾಯಿಯಂತೆ ಎದೆಯೊಡ್ಡಿ ಉರುಳುತ್ತದೆ.

ಕೊನೆಯಲ್ಲಿ ಮುಡಿ ಕಟ್ಟುವುದು. ಕಟ್ಟಿನಲ್ಲಿರುವ ಅತಿ ನೀಳವಾದ, ಸಪೂರವಾದ ಕಡ್ಡಿಯನ್ನು ಆರಿಸಿ, ಅದರ ಬುಡವನ್ನು ಹುರಿಯ ಕೆಳಗೆ ನಿಲುಗಡ್ಡಿಗಳ ನಡುವೆ ತೂರಿಸಿ, ಐದಾರು ಸುತ್ತು ಒತ್ತಾಗಿ ಸುತ್ತಿ, ತುದಿಯನ್ನು ದಬ್ಬಳದಿಂದ ಬಿಡಿಸಿದ ಸಂದಿನಲ್ಲಿ ಸುತ್ತುಗಳ ಅಡಿಗೆ ತೂರಿಸಿ ಎಳೆಯಿರಿ. ಕಡ್ಡಿ ಬಿರುಸಾಗಿ ಕಂಡರೆ ಸುತ್ತುವ ಮೊದಲು ಅದನ್ನು ಹಗ್ಗದಂತೆ ಹೊಸೆದುಕೊಳ್ಳಬೇಕು. ನಾರುಗಳು ಬಿಡಿಬಿಡಿಯಾಗಿ ಅದು ಎಷ್ಟು ಬೇಕಾದರೂ ಬಗ್ಗುತ್ತದೆ. ಆಮೇಲೆ ಹುರಿಯನ್ನು ಕತ್ತರಿಸಿ ತೆಗೆಯಿರಿ. ಹೊರಗೆ ಚಾಚಿದ ಬುಡಗಳನ್ನೆಲ್ಲ ಓರೆಯಾಗಿ ಕತ್ತರಿಸಬೇಕು, ಆದರೆ ಪ್ರತಿಯೊಂದೂ ಒಂದು ನಿಲುಗಡ್ಡಿಗೆ ಒರಗಿ ನಿಲ್ಲುವಷ್ಟು ಉಳಿಯಬೇಕು. ತೀರ ಒತ್ತಿ ಕತ್ತರಿಸಿದರೆ ಒಣಗಿದ ಮೇಲೆ ಕಡ್ಡಿ ಒಳಕ್ಕೆ ಜಾರಿ ಹೋಗುತ್ತದೆ.

ನೆಟ್ಟು ಬೆಳೆಸುವ ಬೇಲಿ

ಹಸಿಕಡ್ಡಿ ಬೇರು ಬಿಡುವ ಗುಣವನ್ನೇ ಬಳಸಿಕೊಂಡು ಹಸಿರುಬೇಲಿ ಮಾಡುವುದೂ ಉಂಟು. ಎಲೆ ಉದುರಿದ ಮೇಲೆ, ಮಾರ್ಚ್ ಮುಗಿಯುವುದರೊಳಗೆ, ಈಗಷ್ಟೇ ಕಡಿದ ಕಡ್ಡಿಗಳನ್ನು 30 ಸೆಂಟಿಮೀಟರ್ ಆಳಕ್ಕೆ, ಸುಮಾರು ಒಂದು ಗೇಣಿನ ಅಂತರದಲ್ಲಿ, ಒಂದು ಎಡಕ್ಕೆ ಇನ್ನೊಂದು ಬಲಕ್ಕೆ ಓರೆಯಾಗಿ ಊರಿ ಜಾಲರಿಯಂತೆ ಹೆಣೆಯುತ್ತಾರೆ. ಮೊದಲ ಬೇಸಗೆಯಲ್ಲಿ ನೀರು ತಪ್ಪಬಾರದು, ಬುಡದಲ್ಲಿ ಹುಲ್ಲು ಬೆಳೆಯಬಾರದು. ಹೊಸ ಚಿಗುರುಗಳನ್ನು ಪ್ರತಿ ಚಳಿಗಾಲದಲ್ಲೂ ಹೆಣಿಗೆಯೊಳಗೆ ಸೇರಿಸುತ್ತಲೋ ಸವರುತ್ತಲೋ ಇರಬೇಕು. ಆದರೆ ಮನೆಯ ಪಾಯ, ಚರಂಡಿಯ ಕೊಳವೆಗಳು ಹತ್ತಿರವಿದ್ದರೆ ಇದನ್ನು ಮಾಡಲೇಬಾರದು. ನೀರು ಹುಡುಕುತ್ತ ಹೋಗುವ ವಿಲ್ಲೋ ಬೇರು ಕೊಳವೆಯ ಸಣ್ಣ ಬಿರುಕಿನಲ್ಲೂ ನುಗ್ಗುತ್ತದೆ, ಜೇಡಿಮಣ್ಣಿನ ನೆಲದಲ್ಲಿ ನೀರು ಹೀರಿ ಪಾಯಕ್ಕೇ ಅಪಾಯ ತರಬಹುದು. ಲಂಡನ್ನಿನ ಸಾಲುಮನೆಗಳ ಪುಟ್ಟ ಹಿತ್ತಲಿಗೆ ಇದು ಹೇಳಿದ್ದಲ್ಲ. ಅಲಾಟ್‌ಮೆಂಟಿನಲ್ಲಿ ನೆಡುವ ಮೊದಲು ಅಲ್ಲಿನ ನಿಯಮಗಳನ್ನು ಕೇಳಿ ತಿಳಿಯಬೇಕು.

ಜಾಗ ಇರುವವರು ಕಡ್ಡಿಗಾಗಿಯೇ ನಾಲ್ಕು ಬುಡ ಬೆಳೆಸಿಕೊಳ್ಳಬಹುದು. ಗೇಣುದ್ದದ ತುಂಡುಗಳನ್ನು ಚಳಿಗಾಲದಲ್ಲಿ ಮೊಗ್ಗು ಮೇಲ್ಮುಖವಾಗಿರುವಂತೆ ಮುಕ್ಕಾಲು ಭಾಗ ನೆಲಕ್ಕೆ ಊರಿದರೆ ಸಾಕು. ಪ್ರತಿ ಚಳಿಗಾಲದಲ್ಲೂ ಸವರುತ್ತ ಬಂದರೆ ಮೂರನೆಯ ವರ್ಷದ ಹೊತ್ತಿಗೆ ಹೆಣೆಯಲು ಯೋಗ್ಯವಾದ ಕಡ್ಡಿ ಸಿಗುತ್ತದೆ.

ಕರ್ನಾಟಕದಲ್ಲಿರುವವರಿಗೆ

ಸಾಮರ್‌ಸೆಟ್ಟಿನ ಕಡ್ಡಿ ಬೆಂಗಳೂರಿನಲ್ಲಿ ಸಿಗುವುದಿಲ್ಲ. ಕಾಶ್ಮೀರದಲ್ಲಿ ವಿಲ್ಲೋ ಹೆಣಿಗೆ ಜೀವಂತವಾಗಿದೆ, ಚಳಿಗೆ ಕೆಂಡ ತುಂಬಿಟ್ಟುಕೊಳ್ಳುವ ಕಾಂಗ್ಡಿಯ ಹೊರಬುಟ್ಟಿಯೂ ಆ ಕಡ್ಡಿಯದೇ. ಆದರೆ ಅಲ್ಲಿಂದ ತರಿಸುವುದಕ್ಕಿಂತ, ನಮ್ಮ ಕಾಡುಗಳನ್ನೆಲ್ಲ ಆವರಿಸಿರುವ ಲಂಟಾನವನ್ನು ಬಳಸುವುದು ಎಲ್ಲ ರೀತಿಯಿಂದಲೂ ಮೇಲು. ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಪರಿಸರ ಸಂಶೋಧನೆ ನಡೆಸುವ ಏಟ್ರೀ ಸಂಸ್ಥೆಯ ನೆರವಿನಿಂದ ಲಂಟಾನದ ಕಾಂಡದಿಂದ ಬುಟ್ಟಿ, ಕುರ್ಚಿಗಳನ್ನು ಮಾಡುತ್ತಾರೆ. ಕಾಂಡವನ್ನು ಕುದಿಸಿ, ತೊಗಟೆ ಸುಲಿದು, ಮೆದುವಾಗಿರುವಾಗಲೇ ಬಗ್ಗಿಸಬೇಕು. ಗೋಪುರದ ನಿಲುಗಡ್ಡಿಗೆ ಬಿದಿರಿನ ದಬ್ಬೆಗಳನ್ನೂ ಪಟ್ಟಿಗಳಿಗೆ ಸಪೂರವಾದ ಲಂಟಾನವನ್ನೂ ಬಳಸಿದರೆ ಮೇಲೆ ಹೇಳಿದ ಹೆಣಿಗೆ ಹಾಗೆಯೇ ಕೂರುತ್ತದೆ. ದಬ್ಬೆ ಸೀಳುವ ಕೆಲಸವನ್ನು ಮಾತ್ರ ನಿಮ್ಮ ಊರಿನ ಮೇದಾರರ ಬಳಿ ಕುಳಿತು ನೋಡಿಯೇ ಕಲಿಯಬೇಕು.

ಬಾಳಿಕೆ

ಹೊರಗೆ ನಿಂತ ವಿಲ್ಲೋ ಗೋಪುರ ಮೂರರಿಂದ ಐದು ವರ್ಷ ಬಾಳುತ್ತದೆ. ಮೊದಲು ಕೊಳೆಯುವುದು ಮಣ್ಣಿಗೆ ತಾಗುವ ಭಾಗ. ವರ್ಷಕ್ಕೊಮ್ಮೆ ಒಣದಿನದಲ್ಲಿ ಅಗಸೆ ಎಣ್ಣೆ ಬಳಿದರೆ ತೊಗಟೆಯ ಬಣ್ಣ ಉಳಿಯುತ್ತದೆ, ಕಡ್ಡಿಯೂ ಬೇಗ ಬಿರುಸಾಗುವುದಿಲ್ಲ. ಎಣ್ಣೆ ಒರೆಸಿದ ಬಟ್ಟೆಯನ್ನು ಮುದುಡಿ ಎಸೆಯದೆ ಬಿಡಿಸಿ ಒಣಗಿಸಬೇಕು, ಏಕೆಂದರೆ ಮುದ್ದೆಯಾಗಿ ಬಿದ್ದ ಅಂಥ ಬಟ್ಟೆ ತಾನಾಗಿ ಹೊತ್ತಿಕೊಳ್ಳುವುದುಂಟು. ಬಳ್ಳಿಯ ಕಾಲ ಮುಗಿದ ಮೇಲೆ ಗೋಪುರವನ್ನು ಕಿತ್ತು ಮಣ್ಣು ತೊಳೆದು ಶೆಡ್ಡಿನೊಳಗಿಟ್ಟರೆ ಇನ್ನೂ ಒಂದೆರಡು ವರ್ಷ ಹೆಚ್ಚು ಬರುತ್ತದೆ. ಬುಡ ಕೊಳೆತರೆ ಆ ಗೇಣುದ್ದವನ್ನು ಕತ್ತರಿಸಿ, ತುಸು ಗಿಡ್ಡವಾದ ಗೋಪುರವನ್ನು ಬಟಾಣಿಗೋ ಸ್ವೀಟ್ ಪೀ ಹೂವಿಗೋ ಮತ್ತೆ ಊರಬಹುದು. ಹೊಸ ಕಡ್ಡಿ ಬೇಕಾದವರು ಚಳಿಗಾಲದ ಕೊಯ್ಲಿನ ಸಮಯದಲ್ಲೇ ಬೆಳೆಗಾರರಿಗೆ ಹೇಳಿಟ್ಟು, ಏಪ್ರಿಲ್ ಮೊದಲ ವಾರಗಳಲ್ಲಿ ನೆನೆಹಾಕಿದರೆ, ಮೇ ತಿಂಗಳಲ್ಲಿ ಬೀನ್ಸ್ ಸಸಿ ಹೊರಗೆ ನೆಡುವ ಹೊತ್ತಿಗೆ ಗೋಪುರ ಸಿದ್ಧವಾಗಿರುತ್ತದೆ.